ಹದಿನೇಳನೆಯವನಿಗೆ ಕೊಟ್ಟ ಹಸಿರು

ಮಧ್ಯಾಹ್ನ ಮೂರೂವರೆಯಾಗುತ್ತಲೇ ದುಬೈಯ ಅಲ್ ಕೂಜ್‌ನ ಗೋದಾಮುಗಳ ನಡುವೆ, ಆಟದ ಅಂಕಿಅಂಶ ಮಾರುವ ಕಂಪನಿಯ ಎರಡನೇ ಮಹಡಿಯ ಕಚೇರಿಯಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆದುಬಿಡುತ್ತಿದ್ದರು. ಚೀನಾದಲ್ಲಿ ಆಗ ಸಂಜೆ ಏಳೂವರೆ. ಅಲ್ಲಿಯ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್‌ನ ತಂಡಗಳು ದೀಪದ ಬೆಳಕಿನಲ್ಲಿ ಮೈದಾನಕ್ಕೆ ಇಳಿಯುವ ಹೊತ್ತಿಗೆ ಇಲ್ಲಿ ಸ್ಟೇಸಿ ಕಿವಿಗೆ ಹೆಡ್‌ಫೋನ್ ಏರಿಸಿ, ಎಡಗೈಯನ್ನು ಕೀಬೋರ್ಡಿನ ಮೇಲೂ ಬಲಗೈಯನ್ನು ಮೌಸಿನ ಮೇಲೂ ಇಟ್ಟು, ಪರೀಕ್ಷೆಗೆ ಕೂತವಳಂತೆ ಕೂರುತ್ತಿದ್ದಳು.

ಒಂದು ಆಟಕ್ಕೆ ಇಬ್ಬರು. ಒಬ್ಬೊಬ್ಬರಿಗೆ ಒಂದೊಂದು ತಂಡ. ಚೆಂಡು ಯಾರ ಕಾಲಿನಿಂದ ಹೊರಟಿತು, ಎಲ್ಲಿಗೆ ಹೋಯಿತು, ತನ್ನವರಿಗೆ ಸಿಕ್ಕಿತೋ ಇಲ್ಲವೋ, ಎಲ್ಲವನ್ನೂ ಆಗಿಂದಾಗಲೇ ಒತ್ತಬೇಕು. ತನ್ನವರಿಗೆ ಸಿಕ್ಕಿದರೆ ಪರದೆಯ ಮೇಲೆ ಹಸಿರು ಗೆರೆ, ಎದುರಾಳಿಗೆ ಸಿಕ್ಕಿದರೆ ಕೆಂಪು. ತೊಂಬತ್ತು ನಿಮಿಷದಲ್ಲಿ ಒಂದು ತಂಡಕ್ಕೆ ಐನೂರಕ್ಕೂ ಹೆಚ್ಚು ಗೆರೆ. ಆಟ ಮುಗಿದ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿ ತಿದ್ದುವುದಕ್ಕೆ ಎರಡು ದಿನ ಸಮಯ, ಆಮೇಲೆ ಆ ಆಟಕ್ಕೆ ಬೀಗ. ತಕರಾರು ಏಳುತ್ತಿದ್ದುದು ಒಂದೇ ಕಡೆ. ಕೊಟ್ಟ ಪಾಸ್ ಜೊತೆಗಾರನ ಕಾಲಿಗೆ ತಾಗಿ ಜಾರಿ ಎದುರಾಳಿಯ ಪಾಲಾದರೆ ತಪ್ಪು ಕೊಟ್ಟವನದೋ, ಪಡೆದವನದೋ? ಕೈಪಿಡಿ ಅದನ್ನು ನೋಡುವವರ ವಿವೇಚನೆಗೆ ಬಿಟ್ಟು ಕೈತೊಳೆದುಕೊಂಡಿತ್ತು.

ಗೋಡೆಗೆ ಮೆತ್ತಿದ ಕಾಗದ ಮಾತ್ರ ಯಾರ ವಿವೇಚನೆಗೂ ಏನನ್ನೂ ಬಿಟ್ಟಿರಲಿಲ್ಲ. ಇಲ್ಲಿ ನೋಡಿದ್ದನ್ನು ಹೊರಗೆ ಹೇಳಬಾರದು. ಆಟಗಾರರನ್ನಾಗಲಿ ಕ್ಲಬ್ಬನ್ನಾಗಲಿ ಯಾವ ರೀತಿಯಿಂದಲೂ ಸಂಪರ್ಕಿಸಬಾರದು. ಸಂಪರ್ಕಿಸಿದವರು ಅದೇ ದಿನ ಮನೆಗೆ.

ಸ್ಟೇಸಿಗೆ ಆ ನಿಯಮದಿಂದ ನೆಮ್ಮದಿಯೇ ಆಗಿತ್ತು. ಯಾರನ್ನೂ ಸಂಪರ್ಕಿಸದೆ ಇರುವ ಕೆಲಸವನ್ನೇ ಅವಳು ಹುಡುಕುತ್ತಿದ್ದಳು. ಡಿಗ್ರಿ ಮುಗಿಸಿ ಮಂಗಳೂರಿನಿಂದ ಅಮ್ಮನ ಬಳಿಗೆ ದುಬೈಗೆ ಬಂದಾಗ ರಿಸೆಪ್ಷನ್‌ನ ಎರಡು ಕೆಲಸಗಳನ್ನು ಒಂದೊಂದು ವಾರದಲ್ಲಿ ಬಿಟ್ಟಿದ್ದಳು. ಇಲ್ಲಿ ಮಾತಾಡಬೇಕಾದವರು ಇಬ್ಬರೇ. ಒಬ್ಬರು ಮೇಲ್ವಿಚಾರಕ ಲಾಯ್ಡ್ ಸರ್, ಶಿರ್ವದ ಕಡೆಯವರು, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಇನ್ನೊಬ್ಬ ಪಕ್ಕದ ಕುರ್ಚಿಯ ಮುಆಝ್, ಭಟ್ಕಳದವನು. ಅವನ ಅಪ್ಪನಿಗೆ ದೇರಾದಲ್ಲಿ ಬಟ್ಟೆ ಅಂಗಡಿ. ಅಂಗಡಿಗೆ ಕೂರಲು ಒಲ್ಲದೆ ಇಲ್ಲಿಗೆ ಬಂದು ಕೂತವನು. ಮೂವರೂ ಸೇರಿದರೆ ಕನ್ನಡ.

ಆ ಋತುವಿನಲ್ಲಿ ಸ್ಟೇಸಿಯ ಪಾಲಿಗೆ ಬಂದದ್ದು ಈಶಾನ್ಯ ಚೀನಾದ ಒಂದು ಕಾರ್ಖಾನೆ ಊರಿನ ತಂಡ. ಹಸಿರು ಅಂಗಿ, ಬಿಳಿ ಚಡ್ಡಿ. ಮೂವತ್ತು ಆಟ, ಮಾರ್ಚಿನಿಂದ ನವೆಂಬರ್‌ವರೆಗೆ. ಎದುರಾಳಿ ಯಾರೇ ಆದರೂ ಅವರು ಮುಆಝ್‌ನ ಪಾಲು.

ಆದರೆ ಹದಿನೇಳನೇ ನಂಬರಿನವನು ಅವಳಿಗೆ ಮಾರ್ಚಿಗಿಂತ ಮೊದಲೇ ಗೊತ್ತಿದ್ದ. ಊರಲ್ಲಿ ಹಿಮ ಬಿದ್ದು ಮೈದಾನಗಳೆಲ್ಲ ಗಟ್ಟಿಯಾದಾಗ ಚೀನಾದ ತಂಡಗಳು ಬಿಸಿಲು ಹುಡುಕಿಕೊಂಡು ದುಬೈಗೆ ಬಂದು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದುಂಟು. ಜನವರಿಯಲ್ಲಿ ಆ ತಂಡ ಇಲ್ಲಿ ಆಡಿದ ಒಂದು ಅಭ್ಯಾಸದ ಪಂದ್ಯಕ್ಕೆ ಕಂಪನಿ ಸ್ಟೇಸಿಯನ್ನು ಲ್ಯಾಪ್‌ಟಾಪ್ ಕೊಟ್ಟು ಕಳಿಸಿತ್ತು. ಗೆರೆಯ ಹೊರಗೆ ಹಾಕಿದ ಪ್ಲಾಸ್ಟಿಕ್ ಮೇಜು, ಎದುರಿಗೇ ಸೂರ್ಯ. ಪರದೆಯಲ್ಲಿ ಅವಳಿಗೆ ಕಂಡದ್ದು ಅವಳ ಮುಖ ಮಾತ್ರ. ಯಾರನ್ನು ಕೇಳಬೇಕೆಂದು ತಿಳಿಯದೆ ಶಾಲನ್ನು ತಲೆಯ ಮೇಲಿಂದ ಲ್ಯಾಪ್‌ಟಾಪಿನವರೆಗೆ ಹೊದ್ದು ಒಳಗೆ ಕೂತಿದ್ದಳು. ಮೈ ಬೆಚ್ಚಗಾಗಿಸಲು ಓಡುತ್ತಿದ್ದ ಎಡಬದಿಯ ಆಟಗಾರನೊಬ್ಬ ನಿಂತು ನೋಡಿದ. ಹೋಗಿ, ಬದಲಿ ಆಟಗಾರರ ಬೆಂಚಿನ ಬದಿಗಿದ್ದ ದೊಡ್ಡ ಜಾಹೀರಾತು ಹಲಗೆಯನ್ನು ಒಬ್ಬನೇ ಎಳೆದು ತಂದು ಅವಳ ಮೇಜಿನ ಮುಂದೆ ನಿಲ್ಲಿಸಿದ. ನೆರಳು ಬಿತ್ತು. ಸರಿಯಾಯಿತೇ ಎಂದು ಬಗ್ಗಿ ನೋಡಿ, ಮುಂದಿನ ಹಲ್ಲಿನ ತುಂಡಾದ ಮೂಲೆ ಕಾಣುವಂತೆ ನಕ್ಕು ಓಡಿಹೋದ. ಬೆನ್ನಿನ ಮೇಲೆ ಹದಿನೇಳು. ಪಟ್ಟಿಯಲ್ಲಿ ಗೆಂಗ್ ಎಂದಿತ್ತು. ಸ್ಟೇಸಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಆ ರಾತ್ರಿ ಡೈರಿಯಲ್ಲಿ ಹೇಳಿದಳು.

ಮಾರ್ಚಿನಲ್ಲಿ ಮೂರನೇ ಆಟದಲ್ಲಿ ಗೆಂಗ್ ಕೊಟ್ಟ ಪಾಸೊಂದು ಜೊತೆಗಾರನ ಬೂಟಿಗೆ ತಾಗಿ ಆಚೆಗೆ ಹೋಯಿತು. ತುಸು ಜೋರಾಗಿಯೇ ಕೊಟ್ಟಿದ್ದ. ಸ್ಟೇಸಿಯ ಬೆರಳು ಒಂದು ಕ್ಷಣ ತಡೆದು ಹಸಿರು ಒತ್ತಿತು. ತಪ್ಪು ಪಡೆದವನದು.

ಮುಆಝ್ ರಂಜಾನ್ ಉಪವಾಸದಲ್ಲಿದ್ದ. ಹಸಿದ ಹೊಟ್ಟೆಯವನ ಕಣ್ಣು ಚುರುಕು.

"ಅದು ಹಸಿರು ಹೇಗಾಯ್ತು?"

"ಕಾಲಿಗೆ ಸಿಕ್ಕಿತ್ತಲ್ಲ."

"ಕಾಲಿಗೆ ಸಿಕ್ಕಿದ್ದಲ್ಲ ಮಾರಾಯ್ತಿ, ಕಾಲು ಮುರೀಲಿಕ್ಕೆ ಬಂದದ್ದು. ನಮ್ಮ ಕಡೆ ಮದುವೆ ಆದ್ಮೇಲೆ ಹೆಂಗಸ್ರು ಗಂಡನ ತಪ್ಪು ಮುಚ್ಚೋದು. ನೀನು ನೋಡಿದ್ರೆ ನಿಶ್ಚಯಕ್ಕೂ ಮುಂಚೆ ಶುರು ಮಾಡಿದ್ಯಲ್ಲ."

ಸ್ಟೇಸಿಯ ಕಿವಿ ಬಿಸಿಯಾಯಿತು. ಗೆರೆ ಮಾತ್ರ ಹಸಿರಾಗಿಯೇ ಉಳಿಯಿತು. ಆಟಕ್ಕೆ ಒಂದು, ಹೆಚ್ಚೆಂದರೆ ಎರಡು. ಅವನಿಗೆ ಕೊಡಬಹುದಾದ್ದು ಅವಳ ಬಳಿ ಬೇರೇನಿತ್ತು?

ಜೂನಿನ ಬಿಡುವಿನ ಹೊತ್ತಿಗೆ ಹದಿನಾರು ತಂಡಗಳಲ್ಲಿ ಹಸಿರು ಅಂಗಿಯವರು ಹದಿಮೂರನೆಯವರು. ಕೊನೆಯ ಇಬ್ಬರು ಕೆಳಗಿನ ದರ್ಜೆಗೆ ಬೀಳುವವರು. ಆಗೊಂದು ದಿನ ಮುಆಝ್ ಫೋನ್ ಚಾಚಿದ. ಚೀನೀ ಪತ್ರಿಕೆಯ ವರದಿ, ಫೋನೇ ಅನುವಾದಿಸಿದ್ದು. ತಂಡದ ಕೋಚ್ ಹೇಳಿದ್ದ: ನಾನು ಮುಖ ನೋಡಿ ಆಡಿಸುವವನಲ್ಲ, ಅಂಕಿ ನೋಡಿ ಆಡಿಸುವವನು. ಅಂಕಿಯ ಪ್ರಕಾರ ನಮ್ಮಲ್ಲಿ ನಂಬಬಹುದಾದವನು ಹದಿನೇಳು. ನೂರಕ್ಕೆ ಎಂಬತ್ತೊಂಬತ್ತು ಪಾಸ್ ಸರಿ.

"ಅಂದ್ರೆ ಅವರು ನಮ್ಮದನ್ನೇ ನೋಡೋದಾ?" ಎಂದಳು ಸ್ಟೇಸಿ.

"ಮತ್ತೆ? ಕ್ಲಬ್ಬಿನವರೂ ನಮ್ಮ ಗಿರಾಕಿಗಳೇ. ನಿನ್ನ ಬೆರಳಿನ ಕೃಪೆ. ಅವನ ಕಾಂಟ್ರಾಕ್ಟ್ ನವೆಂಬರಿಗೆ ಮುಗೀತದಂತೆ, ಇಲ್ಲೇ ಬರ್ದಿದೆ ನೋಡು. ಮುಂದಿನ ವರ್ಷದ್ದಕ್ಕೆ ನೀನೇ ಸಹಿ ಹಾಕಿಬಿಡು."

ಆ ದಿನ ಮೆಟ್ರೋದಲ್ಲಿ ಮನೆಗೆ ಹೋಗುವಾಗ ಅವಳಿಗೆ ತನ್ನ ಬಗ್ಗೆ ಒಂದು ಬಗೆಯ ಹೆಮ್ಮೆ ಮೂಡಿತು. ಒಂದು ಹಲಗೆಯಷ್ಟು ನೆರಳನ್ನು ತಾನೂ ಎಳೆದು ನಿಲ್ಲಿಸಿದೆ ಎಂಬಂಥ ಹೆಮ್ಮೆ.

ಆಗಸ್ಟ್‌ನಲ್ಲಿ ಹತ್ತೊಂಬತ್ತನೇ ಆಟ. ಮೂವತ್ತೆಂಟನೇ ನಿಮಿಷದಲ್ಲಿ ಎತ್ತರದಿಂದ ಬಂದ ಚೆಂಡಿಗೆ ಗೆಂಗ್ ಹಾರಿದ. ಅವನದೇ ತಂಡದ ಗೋಲ್‌ಕೀಪರನೂ ಮುಷ್ಟಿ ಚಾಚಿ ಹಾರಿದ. ಗೋಲ್‌ಕೀಪರನ ಮೊಣಕೈ ಗೆಂಗ್‌ನ ಕಿವಿಯ ಮೇಲುಭಾಗಕ್ಕೆ ಬಡಿಯಿತು. ನೆಲಕ್ಕೆ ಬಿದ್ದವನು ಎದ್ದು ಕೂತ. ವೈದ್ಯ ಓಡಿ ಬಂದು ಬೆರಳು ತೋರಿಸಿದಾಗ ನಗುತ್ತ ತಲೆಯಾಡಿಸಿದ. ಆಟ ಮುಂದುವರಿಯಿತು. ವಿರಾಮ ಮುಗಿದು ತಂಡಗಳು ಬದಿ ಬದಲಿಸಿ ನಿಂತಾಗ ಗೆಂಗ್ ಮಾತ್ರ ಮೊದಲಿದ್ದ ಬದಿಗೇ ಹೋಗಿ ಎದುರಾಳಿಗಳ ನಡುವೆ ನಿಂತ. ಯಾರೋ ತೋಳು ಹಿಡಿದು ಕರೆತಂದರು.

"ನಿನ್ನ ಹದಿನೇಳಿಗೆ ಕಿಬ್ಲಾ ತಪ್ಪಿದೆ, ನಮಾಜಿಗೆ ಯಾವ ದಿಕ್ಕಿಗೆ ನಿಲ್ಬೇಕಂತ್ಲೇ ಗೊತ್ತಿಲ್ಲ," ಎಂದು ಮುಆಝ್ ನಕ್ಕ. ಸ್ಟೇಸಿಗೂ ನಗು ಬಂತು.

ಆಮೇಲೆ ಪಾಸುಗಳು ತಪ್ಪತೊಡಗಿದವು. ಜೋರಾಗಿಯೋ ಮೆಲ್ಲಗೋ ಹೋದದ್ದಲ್ಲ. ಎದುರಿಗೆ ನಿಂತ ಜೊತೆಗಾರನನ್ನು ಬಿಟ್ಟು ಎದುರಾಳಿಗೆ ಸಲೀಸಾಗಿ ದಾಟಿಸಿದಂಥವು. ಮುಂದಿನ ಆಟದಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ ಹಾಗೆಯೇ. ಅವನಿಗೆ ಆಟ ಕೈಕೊಟ್ಟಿದೆ, ಎಲ್ಲರಿಗೂ ಹಾಗಾಗುತ್ತದೆ, ನವೆಂಬರ್ ಹತ್ತಿರ ಬಂತು, ಈಗ ಅಂಕಿ ಬಿದ್ದರೆ ಅವನ ಕಥೆ ಮುಗಿಯಿತು ಎಂದು ಸ್ಟೇಸಿ ಹೆದರಿದಳು. ಹೆದರಿ, ಅದುವರೆಗೆ ಮಾಡದ್ದನ್ನು ಮಾಡಿದಳು. ಚೆಂಡು ಹತ್ತಿರದಲ್ಲಿದ್ದ ಜೊತೆಗಾರನ ಕಾಲಿಗೆ ತಾಗಿ ಜಾರಿತೆಂದು ಒತ್ತಿದಳು, ತಾಗಿರದಿದ್ದರೂ. ಆಟಕ್ಕೆ ಆರು, ಏಳು. ಇದು ಮೊದಲಿನ ದಾಕ್ಷಿಣ್ಯವಾಗಿರಲಿಲ್ಲ, ನೇರ ಸುಳ್ಳಾಗಿತ್ತು. ಮುಆಝ್‌ನ ಪರದೆಯಲ್ಲಿ ಚೆಂಡು ಅವನ ತಂಡಕ್ಕೆ ಸಿಕ್ಕಿದ್ದೇ ಕಾಣುತ್ತಿತ್ತಾದ್ದರಿಂದ ಎರಡೂ ಕಡೆ ತಾಳೆಯಾಗುತ್ತಿತ್ತು. ಯಂತ್ರ ತುಟಿ ಬಿಚ್ಚಲಿಲ್ಲ. ನಾಲ್ಕು ಆಟ ಹೀಗೆ ನಡೆಯಿತು. ಅಂಕಿ ಎಂಬತ್ತೊಂಬತ್ತರಲ್ಲೇ ನಿಂತಿತು.

ಸ್ಟೇಸಿಯ ಅಮ್ಮ ಫೆಲ್ಸಿ ಅಲ್ ಕೂಜ್‌ನಲ್ಲೇ, ಲೇಬರ್ ಕ್ಯಾಂಪುಗಳಿಗೆ ಅಂಟಿಕೊಂಡ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷಗಳಿಂದ ಅಲ್ಲೇ. ಸೆಪ್ಟೆಂಬರಿನ ಒಂದು ಭಾನುವಾರ ಚರ್ಚ್ ಮುಗಿಸಿ ಬಂದು ಅವಳು ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಾಗ ಸ್ಟೇಸಿ ಮೇಜಿನ ಬಳಿ ಕೂತು ಫೋನಿನಲ್ಲಿ ಆಟದ ತುಣುಕು ನೋಡುತ್ತಿದ್ದಳು. ಅದು ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂಥದ್ದು. ಅಮ್ಮ ಕೈ ತೊಳೆಯಲು ಬಂದವಳು ಹೆಗಲ ಮೇಲಿಂದ ಬಗ್ಗಿದಳು.

"ಇವ ಯಾರು ಬಾಯೆ?"

"ಕೆಲಸದ್ದು, ಮಮ್ಮಿ."

"ಸ್ವಲ್ಪ ಹಿಂದೆ ಹಾಕು. ಇನ್ನೂ ಹಿಂದೆ. ನಿಲ್ಸು." ಫೆಲ್ಸಿ ಒದ್ದೆ ಕೈಯನ್ನು ಎತ್ತಿ ಹಿಡಿದೇ ನೋಡಿದಳು. "ಲೈಟಿನ ಕಡೆ ತಿರುಗಿದಾಗ ಕಣ್ಣು ಹೇಗೆ ಕಿರಿದು ಮಾಡ್ತಾನೆ ನೋಡು. ಕೈ ಎಷ್ಟು ಸಲ ಕಿವಿಯ ಹತ್ರ ಹೋಗ್ತಾ ಉಂಟು. ಇವನಿಗೆ ತಲೆಗೆ ಪೆಟ್ಟು ಬಿದ್ದಿದೆಯಾ?"

"ಒಂದು ತಿಂಗಳಾಯ್ತು."

"ಮತ್ತೆ ಎಷ್ಟು ದಿನ ರೆಸ್ಟ್?"

"ರೆಸ್ಟ್ ಇಲ್ಲ. ಎಲ್ಲ ಆಟ ಆಡಿದ್ದಾನೆ."

ಫೆಲ್ಸಿ ಕುರ್ಚಿ ಎಳೆದು ಕೂತಳು. "ನಮ್ಮಲ್ಲಿಗೆ ಮೊನ್ನೆ ಒಬ್ಬ ಬಂದಿದ್ದ, ಕಟ್ಟಡದ ಮೇಲಿಂದ ಬಿದ್ದವ. ಎಂತಾಯ್ತು ಕೇಳಿದ್ರೆ ಮಾಫಿ ಮುಶ್ಕಿಲ್, ಏನೂ ತೊಂದ್ರೆ ಇಲ್ಲ ಅಂತ ನಗ್ತಾನೆ. ಇಲ್ಲಿ ಸಹಿ ಹಾಕಪ್ಪ ಅಂತ ಪೆನ್ನು ಕೊಟ್ರೆ ಆ ಪೆನ್ನನ್ನೇ ತಿರುಗಿಸಿ ತಿರುಗಿಸಿ ನೋಡ್ತಾನೆ. ನೋವು ಅಂದ್ರೆ ಊರಿಗೆ ಕಳಿಸ್ತಾರೆ ಅಂತ ಹೆದರಿಕೆ. ಇವನದ್ದೂ ಅದೇ ನಗು."

"ಅವರಿಗೆ ಡಾಕ್ಟ್ರು ಇಲ್ವಾ ಮಮ್ಮಿ?"

"ಡಾಕ್ಟ್ರು ಕೇಳ್ತಾರೆ, ಇವ ಸರಿ ಇದ್ದೇನೆ ಅಂತಾನೆ. ಮತ್ತೆ ಅವರು ನೋಡೋದು, ಕೆಲಸದಲ್ಲಿ ಹೇಗಿದ್ದಾನೆ ಅಂತ. ತಲೆ ಕೆಟ್ಟಿದ್ರೆ ಕೆಲಸ ಕೆಡ್ಲೇಬೇಕಲ್ಲ, ಅದ್ರಲ್ಲಿ ಗೊತ್ತಾಗ್ತದೆ. ಇವ ಆಟದಲ್ಲಿ ಹೇಗಿದ್ದಾನೆ? ತಪ್ಪು ಮಾಡ್ತಾ ಇದ್ದಾನಾ?"

ಸ್ಟೇಸಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಅವರು ನೋಡುವ ಅಂಕಿಯಲ್ಲಿ ಅವನು ಎಂಬತ್ತೊಂಬತ್ತರಲ್ಲೇ ಇದ್ದ, ಅಲ್ಲಿ ನಿಲ್ಲಿಸಿದ್ದು ಅವಳು.

"ಇದು ಗುಣ ಆಗುವ ಮುಂಚೆ ಇನ್ನೊಂದು ಪೆಟ್ಟು ಬೀಳ್ಬಾರ್ದು ಬಾಯೆ," ಎಂದು ಫೆಲ್ಸಿ ಎದ್ದಳು. "ಸಣ್ಣದಾದ್ರೂ ಸಾಕು."

ಮರುದಿನ ಆಟವಿರಲಿಲ್ಲ. ಸ್ಟೇಸಿ ಲಾಯ್ಡ್ ಸರ್‌ರ ಮೇಜಿನ ಮುಂದೆ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವಳು ಆ ಕಚೇರಿಯಲ್ಲಿ ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಲಾಯ್ಡ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಎಷ್ಟು ಆಟದಲ್ಲಿ?"

"ನಾಲ್ಕರಲ್ಲಿ ಸುಳ್ಳು. ಅದಕ್ಕೆ ಮುಂಚೆ ಸ್ವಲ್ಪ ಸ್ವಲ್ಪ."

"ಬೀಗ ಬಿದ್ದಾಗಿದೆ ಅದಕ್ಕೆಲ್ಲ."

"ತೆಗೆಸ್ಬಹುದಲ್ಲ ಸರ್. ಅರ್ಜಿ ಉಂಟಲ್ಲ."

"ಉಂಟು. ಕಾರಣ ಬರೀಬೇಕು. ನೀನು ಬೇಕಂತ್ಲೇ ಮಾಡಿದ್ದು ಅಂತ ಬರೆದ್ರೆ ನಿನ್ನ ವೀಸಾ ಖಲಾಸ್. ನೋಡದೆ ಸಹಿ ಹಾಕಿದ್ದು ನಾನು, ನನ್ನದೂ ಖಲಾಸ್. ನನಗೆ ಎರಡು ಮಕ್ಕಳು ಶಾಲೆಗೆ ಹೋಗ್ತಾ ಇದ್ದಾವೆ ಸ್ಟೇಸಿ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಮತ್ತೆ ಅವನಿಗೆ ಏನೂ ಆಗಿಲ್ಲ ಅಂತ ಅವರ ಡಾಕ್ಟ್ರೇ ಹೇಳಿರುವಾಗ, ಅಲ್ ಕೂಜ್‌ನಲ್ಲಿ ಕೂತ ನಾವು ಯಾರು?"

ಸ್ಟೇಸಿ ತನ್ನ ಕುರ್ಚಿಗೆ ಬಂದು ಕೂತಳು. ಗೋಡೆಯ ಕಾಗದ ಎದುರಿಗೇ ಇತ್ತು. ಫೋನ್ ತೆಗೆದು ಕ್ಲಬ್ಬಿನ ಹೆಸರಿನಲ್ಲಿ ಸಿಕ್ಕ ಏಕೈಕ ವಿಳಾಸಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಫೋನಿನಿಂದಲೇ ಚೀನೀ ಭಾಷೆಗೆ ತಿರುಗಿಸಿ, ಹೆಸರು ಹಾಕದೆ ಕಳಿಸಿದಳು. ಐದೇ ನಿಮಿಷಕ್ಕೆ ಅದು ಹಿಂದಿರುಗಿತು. ಆ ಪೆಟ್ಟಿಗೆ ತುಂಬಿದೆ, ಇನ್ನು ಪತ್ರ ಹಿಡಿಸುವುದಿಲ್ಲ. ಅಲ್ಲಿಯ ಜನ ಬಳಸುವ ಆ್ಯಪ್‌ನಲ್ಲಿ ಗೆಂಗ್‌ನನ್ನು ಹುಡುಕಿದಳು. ಒಳಗೆ ಹೋಗಲು ಚೀನಾದ ಫೋನ್ ನಂಬರ್ ಬೇಕೆಂದಿತು.

ಮುಆಝ್ ಎಲ್ಲವನ್ನೂ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವತ್ತು ಅವನು ಗೇಲಿ ಮಾಡಲಿಲ್ಲ. "ಅರ್ಜಿ ನೀನೇ ಹಾಕ್ಬಹುದು," ಎಂದ ಮೆಲ್ಲಗೆ. "ಲಾಯ್ಡ್ ಸರ್ ಮೂಲಕವೇ ಹೋಗ್ಬೇಕು ಅಂತ ಇಲ್ಲ. ಆದ್ರೆ ಯೋಚನೆ ಮಾಡು. ನಿಮ್ಮ ಮಮ್ಮಿಗೆ ಎಂತ ಹೇಳ್ತೀಯಾ?"

ಅವಳು ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ ಅರ್ಜಿ ತುಂಬಿದಳು. ನಿಜವನ್ನೇ ಬರೆದಳು: ಹದಿನೇಳನೇ ನಂಬರಿನ ಇಪ್ಪತ್ತಾರು ತಪ್ಪು ಪಾಸುಗಳನ್ನು ನಾನು ತಿಳಿದೂ ತಿಳಿದೂ ಹಸಿರು ಮಾಡಿದ್ದೇನೆ, ಲಾಯ್ಡ್ ಅವರಿಗೆ ಇದು ಗೊತ್ತಿರಲಿಲ್ಲ, ಆಟಗಾರ ಅಸ್ವಸ್ಥನಿರಬಹುದು, ದಯವಿಟ್ಟು ಅಂಕಿ ತಿದ್ದಿ ಕ್ಲಬ್ಬಿಗೆ ತಿಳಿಸಿ. ಕಳಿಸಿದ ಮೇಲೆ ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ, ಸ್ವೆಟರ್, ಲಿಪ್ ಬಾಮ್ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಕೂತಳು. ಹೋಗು ಎಂದರೆ ಎದ್ದು ಹೊರಡುವುದಕ್ಕೆ ಅನುಕೂಲವಾಗಲಿ ಎಂದು.

ಹನ್ನೊಂದು ದಿನ ಯಾರೂ ಹೋಗು ಎನ್ನಲಿಲ್ಲ. ನಡುವೆ ಎರಡು ಆಟ ನಡೆದವು. ಎರಡರಲ್ಲೂ ಗೆಂಗ್ ಆಡಿದ. ಸ್ಟೇಸಿ ಕಂಡದ್ದನ್ನು ಕಂಡ ಹಾಗೆ ಕೆಂಪು ಒತ್ತಿದಳು. ಆದರೆ ಇಪ್ಪತ್ತಮೂರು ಆಟಗಳ ಹಸಿರಿನ ರಾಶಿಗೆ ಎರಡು ಆಟದ ಕೆಂಪು ಎಲ್ಲಿ ಸಾಕು? ಎಂಬತ್ತೊಂಬತ್ತು ಇದ್ದದ್ದು ಎಂಬತ್ತೆಂಟಾಯಿತು. ತಂಡದಲ್ಲಿ ಈಗಲೂ ಅವನೇ ಮೊದಲು. ಅವಳಿಗೆ ಒಂದು ಹುಚ್ಚು ಯೋಚನೆಯೂ ಬಂತು. ಹಸಿರು ಮಾಡಿದ ಕೈಯಿಂದಲೇ ಕೆಂಪು ಮಾಡಿದರೇನು? ಸರಿಯಾಗಿ ಕೊಟ್ಟ ಒಂದು ಪಾಸಿಗೆ ಕೆಂಪು ಒತ್ತಿ ನೋಡಿದಳು. ಯಂತ್ರ ಕೂಡಲೇ ಕೇಳಿತು: ಚೆಂಡು ಎದುರಾಳಿಯಲ್ಲಿ ಯಾರಿಗೆ ಸಿಕ್ಕಿತು? ಮುಆಝ್‌ನ ಪರದೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಅದು ಅವಳ ಕೆಂಪನ್ನು ಅಳಿಸಿಹಾಕಿತು. ಅವನಿಗೆ ಒಳ್ಳೆಯದೆಂದು ಹೇಳುವ ಸುಳ್ಳಿಗೆ ಅಲ್ಲಿ ದಾರಿಯಿತ್ತು. ಅವನನ್ನು ಆಡಿಸದೆ ಬೆಂಚಿನಲ್ಲಿ ಕೂರಿಸುವ ಸುಳ್ಳಿಗೆ ಇರಲಿಲ್ಲ.

ಹನ್ನೆರಡನೆಯ ದಿನ ಉತ್ತರ ಬಂತು. ಹೆಡ್ ಆಫೀಸಿನಲ್ಲಿ ಯಾರೋ ಬರೆದದ್ದು, ಅಥವಾ ಯಾರೂ ಬರೆಯದದ್ದು. ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ನಾಲ್ಕು ಆಟಗಳಲ್ಲಿ ಒಟ್ಟು ಎರಡು ಸಾವಿರದ ನೂರು ನಮೂದುಗಳ ಪೈಕಿ ಇಪ್ಪತ್ತಾರರಲ್ಲಿ ವ್ಯತ್ಯಾಸವಿದೆ. ಇದು ಅನುಮತಿಸಿದ ಶೇಕಡಾ ಎರಡರ ಮಿತಿಯೊಳಗಿರುವುದರಿಂದ ತಿದ್ದುಪಡಿಯ ಅಗತ್ಯವಿಲ್ಲ. ನಿಮ್ಮ ಎಚ್ಚರಿಕೆಗೆ ಧನ್ಯವಾದಗಳು.

ಲಾಯ್ಡ್ ಸರ್ ಅದನ್ನು ಅವಳ ಹೆಗಲ ಹಿಂದೆ ನಿಂತು ಓದಿದರು. ಅವರು ಬಿಟ್ಟ ಉಸಿರು ಅವಳ ಕೂದಲಿಗೆ ತಾಗಿತು. "ದೇವರು ದೊಡ್ಡವ," ಎಂದರು. ಹೋಗಿ ಮೂವರಿಗೂ ಕರಕ್ ಚಹಾ ತರಿಸಿದರು.

"ಇನ್ನೊಂದು ಸಲ ಬರೀತೇನೆ ಸರ್. ಇಡೀ ತಂಡಕ್ಕೆ ಎರಡಕ್ಕಿಂತ ಕಮ್ಮಿ. ಅವನೊಬ್ಬನದ್ದೇ ತೆಗೆದು ನೋಡಿದ್ರೆ…"

"ಬರಿ," ಎಂದರು ಲಾಯ್ಡ್. "ಇನ್ನು ಹನ್ನೆರಡು ದಿನ."

ಅವಳು ಬರೆದಳು. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಸಂಖ್ಯೆ ಬಂತು.

ಇಪ್ಪತ್ತಾರನೇ ಆಟ ಅಕ್ಟೋಬರಿನ ಶನಿವಾರ. ಅಲ್ಲಿ ಮಳೆ, ಚೆಂಡು ಒದ್ದೆಯಾಗಿ ಭಾರವಾಗಿತ್ತು. ಐವತ್ತನಾಲ್ಕನೇ ನಿಮಿಷದಲ್ಲಿ ಹತ್ತಿರದಿಂದ ಬಂದ ಚೆಂಡೊಂದನ್ನು ಗೆಂಗ್ ಹಣೆಯಿಂದ ಆಚೆಗಟ್ಟಿದ. ಸಾಧಾರಣ ಹೊಡೆತ. ಆಟದಲ್ಲಿ ಇಪ್ಪತ್ತು ಸಲ ಆಗುವಂಥದ್ದು. ಸ್ಟೇಸಿ ಅದನ್ನು ಒತ್ತಿದಳು. ಹಸಿರು. ನಿಜವಾಗಿಯೂ ಹಸಿರು.

ಅರವತ್ತೊಂದನೇ ನಿಮಿಷದಲ್ಲಿ ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿದ್ದಾಗ, ಚಿತ್ರದ ಮೂಲೆಯಲ್ಲಿ ಗೆಂಗ್ ಮೊದಲು ಮಂಡಿಯೂರಿದ. ಕೈಯಿಂದ ಹುಲ್ಲನ್ನು ತಡವಿದ, ಏನೋ ಬಿದ್ದದ್ದನ್ನು ಹುಡುಕುವವನ ಹಾಗೆ. ಆಮೇಲೆ ಪಕ್ಕಕ್ಕೆ ಮಲಗಿದ. ಸುತ್ತ ಇಪ್ಪತ್ತು ಹೆಜ್ಜೆಯವರೆಗೆ ಯಾರೂ ಇರಲಿಲ್ಲ. ಅಲ್ಲಿಯ ಕ್ಯಾಮೆರಾ ಅದನ್ನು ನೋಡುವುದಕ್ಕೆ ಮೊದಲು ಅಲ್ ಕೂಜ್‌ನಲ್ಲಿ ಕೂತ ಸ್ಟೇಸಿ ನೋಡಿದಳು. ಎದ್ದು ನಿಂತಳು. ಎದ್ದು ನಿಂತವಳಿಗೆ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆರು ಸಾವಿರ ಕಿಲೋಮೀಟರ್ ಈಚೆಗೆ ನಿಂತುಕೊಂಡು ಮಾಡುವುದಕ್ಕೆ ಏನೂ ಇರಲಿಲ್ಲ.

ಹೆಡ್‌ಫೋನಿನಲ್ಲಿ ಚೀನೀ ವೀಕ್ಷಕ ವಿವರಣೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಕ್ಯಾಮೆರಾ ಕೋಚ್‌ನನ್ನು ತೋರಿಸಿತು, ಕೊಡೆ ಹಿಡಿದ ಜನರನ್ನು ತೋರಿಸಿತು, ಗೆರೆಯ ಬಳಿ ಸುಮ್ಮನೆ ಕೂತ ಚೆಂಡನ್ನು ತೋರಿಸಿತು. ಗೆಂಗ್‌ನನ್ನು ಮಾತ್ರ ತೋರಿಸಲಿಲ್ಲ. ಮತ್ತೆ ಮೈದಾನ ಕಂಡಾಗ ಇಪ್ಪತ್ತೆಂಟನೇ ನಂಬರಿನ ಹುಡುಗನೊಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಓಡುತ್ತಿದ್ದ.

"ಕೂತ್ಕೊ ಸ್ಟೇಸಿ," ಎಂದ ಮುಆಝ್.

ಕೂತಳು. ಆಟಗಾರ ಬದಲಾದರೆ ಅದನ್ನು ನಮೂದಿಸದೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ. ಹೊರಗೆ ಹೋದವರು: ಹದಿನೇಳು. ಕಾರಣ: ಗಾಯ. ಅದನ್ನು ಒತ್ತಿದೊಡನೆ ಇನ್ನೊಂದು ಚೌಕ ತೆರೆದುಕೊಂಡಿತು. ಗಾಯಕ್ಕೆ ಕಾರಣರಾದವರು. ಕೆಳಗೆ ಎದುರಾಳಿಗಳ ಹನ್ನೊಂದು ನಂಬರು, ತನ್ನವರ ಹತ್ತು ನಂಬರು, ಕೊನೆಯಲ್ಲಿ: ಯಾರೂ ಅಲ್ಲ.

ಸ್ಟೇಸಿ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದಳು.

"ಆಟ ಹೋಗ್ತಾ ಉಂಟು," ಎಂದರು ಹಿಂದಿನಿಂದ ಲಾಯ್ಡ್ ಸರ್, ತೀರ ಮೆಲ್ಲಗೆ. ಮುಆಝ್‌ನ ಪರದೆಯಲ್ಲಿ ಆಗಲೇ ನಾಲ್ಕು ಹೊಸ ಗೆರೆ ಬಿದ್ದಿದ್ದವು. ಐದನೆಯದೂ ಬಿತ್ತು.

ಅವಳು 'ಯಾರೂ ಅಲ್ಲ' ಒತ್ತಿದಳು. ಚೌಕ ಮುಚ್ಚಿಕೊಂಡಿತು. ಇಪ್ಪತ್ತೆಂಟನೆಯವನು ತನ್ನ ಮೊದಲ ಪಾಸ್ ಕೊಟ್ಟ. ಕೆಂಪು.

ಕೆಲಸ ಮುಗಿದ ಮೇಲೆ ಮುಆಝ್ ಚೀನೀ ಪತ್ರಿಕೆಗಳನ್ನೆಲ್ಲ ಜಾಲಾಡಿದ. ಎರಡಕ್ಕೆ ಒಂದು ಸೋತರೆಂದು ಇತ್ತು. ಹದಿನೇಳರ ಬಗ್ಗೆ ಒಂದೇ ಸಾಲು: ಆಸ್ಪತ್ರೆಗೆ ಸೇರಿಸಲಾಗಿದೆ. ಯಾವ ಆಸ್ಪತ್ರೆ, ಹೇಗಿದ್ದಾನೆ, ಕಣ್ಣು ಬಿಟ್ಟನೇ, ಒಂದೂ ಇಲ್ಲ. "ನಾಳೆ ಬರ್ತದೆ ನೋಡು," ಎಂದ. ಅವನಿಗೇ ನಂಬಿಕೆಯಿಲ್ಲದ ದನಿ.

ಮನೆಗೆ ಬಂದಾಗ ಫೆಲ್ಸಿ ಬಟ್ಟೆ ಮಡಚುತ್ತಿದ್ದಳು. ಮಗಳ ಮುಖ ನೋಡಿ ಆಯಾಸವೆಂದುಕೊಂಡು ತಟ್ಟೆ ಇಟ್ಟಳು. ಸಾರು ಬಡಿಸುತ್ತ ನೆನಪಾದವಳ ಹಾಗೆ ಕೇಳಿದಳು:

"ಆ ಹುಡುಗ ಇವತ್ತೂ ಆಡಿದ್ನಾ ಬಾಯೆ? ಆ ಚೀನಾದವ?"

"ಪೂರ್ತಿ ಆಡ್ಲಿಲ್ಲ ಮಮ್ಮಿ."

"ಹೊರಗೆ ಕರೆದ್ರಾ?"

"ಹೂಂ."

"ದೇವರೇ, ಅಂತೂ ಯಾರೋ ಒಬ್ರಿಗೆ ಕಣ್ಣು ಕಂಡಿತಲ್ಲ," ಎಂದು ಫೆಲ್ಸಿ ನಿಟ್ಟುಸಿರು ಬಿಟ್ಟು ನಕ್ಕಳು. ನಕ್ಕು, ಮೀನಿನ ದೊಡ್ಡ ಹೋಳನ್ನು ಆರಿಸಿ ಮಗಳ ತಟ್ಟೆಗೆ ಹಾಕಿದಳು. "ನಾಲ್ಕು ವಾರ ಸುಮ್ಮನೆ ಮಲಗ್ಲಿ. ಎಲ್ಲ ಸರಿಯಾಗ್ತದೆ. ತಿನ್ನು, ತಣ್ಣಗಾಗ್ತದೆ."

ಸ್ಟೇಸಿ ಅನ್ನದಲ್ಲಿ ಬೆರಳಿಟ್ಟಳು. ಅಮ್ಮನ ಆ ನಗುವನ್ನು ಅಳಿಸುವುದು ಅವಳಿಂದಾಗಲಿಲ್ಲ. ಹೂಂ ಎಂದಳು.